ಅಳು ಬಾರದ ಅಜ್ಜಿ, ಕಾದು ಕೂತ ಕ್ಯಾಮೆರಾ

“ಅಜ್ಜೀ, ಈಗ ಸ್ವಲ್ಪ ಅಳ್ತೀರಾ?” ಅಂದರು ಡೈರೆಕ್ಟರು.

“ಯಾಕಪ್ಪಾ, ಯಾರು ಹೋದ್ರು?” ಅಂದಳು ಅಜ್ಜಿ.

ಕ್ಯಾಮೆರಾದವನು ತಲೆ ಕೆರೆದುಕೊಂಡ. ಪಕ್ಕದಲ್ಲಿದ್ದ ಮೊಮ್ಮಗಳು ಚೂಟಿಗೆ ಅಳುವೇ ಬಂತು. ಆದರೆ ಅವಳ ಅಳು ಯಾರಿಗೆ ಬೇಕು? ಅಜ್ಜಿ ಅತ್ತರೆ ಚೂಟಿ ಕಣ್ಣೊರೆಸಬೇಕು. ಆಗ ಚೂಟಿಯೂ ಸಿನಿಮಾದಲ್ಲಿ ಬರುತ್ತಾಳೆ. ಅಳದಿದ್ದರೆ ಇಲ್ಲ. ಕ್ಲಾಸಿಗೆಲ್ಲ ಹೇಳಿಯೂ ಆಗಿತ್ತು.

ಅವರು ನಿಂತಿದ್ದು ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ. ಅಜ್ಜಿಯ ಊರು ಆ ನೀರಿನ ಅಡಿಯಲ್ಲಿತ್ತು. ಡೈರೆಕ್ಟರು ಮಣ್ಣಿನ ನೆನಪುಗಳ ಬಗ್ಗೆ ಸಿನಿಮಾ ತೆಗೆಯುವವರು. ಮಣ್ಣೆಂದರೆ ಅವರಿಗೆ ಪ್ರಾಣ. ಅದಕ್ಕೇ ಬಿಳಿ ಶೂಗೆ ಒಂದು ಚೂರೂ ತಾಗದ ಹಾಗೆ ಚಾಪೆಯ ಮೇಲೆ ನಿಂತಿದ್ದರು.

ಅಜ್ಜಿ ಹಾಕಿಕೊಂಡು ಬಂದ ಹೊಸ ಸ್ವೆಟರ್ ಅವರಿಗೆ ಹಿಡಿಸಲಿಲ್ಲ. ನೆನಪಿರುವವರು ಹರುಕು ಬಟ್ಟೆಯಲ್ಲಿರಬೇಕಂತೆ. ಎಲ್ಲಿಂದಲೋ ತಂದ ತೂತು ಶಾಲು ಹೊದಿಸಿದರು. ಕನ್ನಡಕವನ್ನೂ ತೆಗೆಸಿ ಚೂಟಿಯ ಕೈಗೆ ಕೊಟ್ಟರು. ಆಮೇಲೆ, “ನಿಮ್ಮೂರನ್ನೇ ನೋಡ್ತಾ ಇರಿ” ಅಂದರು. ಅಜ್ಜಿಗೆ ನೀರು ಯಾವುದು, ಆಕಾಶ ಯಾವುದು ಅಂತಲೇ ತಿಳಿಯುತ್ತಿರಲಿಲ್ಲ.

ಕೊನೆಗೆ ಸಿನಿಮಾದವರೆಲ್ಲ ಬೇಸತ್ತು ಟೀ ಕುಡಿಯಲು ವ್ಯಾನಿನ ಹತ್ತಿರ ಹೋದರು.

“ಪ್ಲೀಸ್ ಅಜ್ಜಿ, ಒಂದೇ ಒಂದ್ಸಲ ಅಳು” ಅಂದಳು ಚೂಟಿ.

“ಊರು ಬಿಟ್ಟಾಗ ಅತ್ತಿದ್ದಾಯ್ತಲ್ಲೇ. ಕೇಳಿದಾಗೆಲ್ಲ ಸುರಿಸೋಕೆ ನಾನೇನು ನಲ್ಲಿನಾ? ಕನ್ನಡಕ ಕೊಡು ಇಲ್ಲಿ.”

ಚೂಟಿ ಮುಖ ಊದಿಸಿಕೊಂಡೇ ಕೊಟ್ಟಳು. ಅಜ್ಜಿ ಹಾಕಿಕೊಂಡು ನೀರಿನ ಕಡೆ ನೋಡಿದಳು.

“ನಡುವೆ ದಿಣ್ಣೆ ಕಾಣ್ತದಲ್ಲ, ಅದರ ಬುಡದಲ್ಲೇ ನಮ್ಮನೆ. ಬಾಗಿಲು ಗಿಡ್ಡ. ನಿಮ್ಮ ತಾತ ದಿನಾ ತಲೆ ಹೊಡೆಸ್ಕೊಳ್ಳೋರು, ದಿನಾ ಬಾಗಿಲಿಗೆ ಬೈಯೋರು. ಬಗ್ಗಿ ಅಂದ್ರೆ, ನನ್ನ ಮನೇಲಿ ನಾನ್ಯಾಕೆ ಬಗ್ಗಲಿ ಅನ್ನೋರು.”

“ಆಮೇಲೆ?”

“ಮನೆ ಖಾಲಿ ಮಾಡೋವಾಗ ಬಾಗಿಲು, ಚೌಕಟ್ಟು ಎಲ್ಲ ಕಿತ್ತು ಗಾಡಿಗೆ ಹಾಕಿದ್ವಿ. ಮೇಲಿನ ಗೋಡೆನೂ ಬಿದ್ದಿತ್ತು. ತಲೆಗೆ ತಾಗೋಕೆ ಏನೂ ಇಲ್ಲ, ಬರೀ ಆಕಾಶ. ಆವತ್ತು ಬಗ್ಗಿಕೊಂಡು ಬಂದ್ರು ನೋಡು, ಪುಣ್ಯಾತ್ಮ.”

ಅಜ್ಜಿ ನಕ್ಕಳು. ಚೂಟಿಯೂ ನಕ್ಕಳು. ನಗುತ್ತಾ ನಗುತ್ತಾ ಅಜ್ಜಿಯ ಕನ್ನಡಕದ ಕೆಳಗಿಂದ ನೀರು ಇಳಿಯಿತು.

“ಬಂತು, ಬಂತು, ಕ್ಯಾಮೆರಾ ತಗೊಳ್ರೋ” ಅಂತ ಡೈರೆಕ್ಟರು ಕೆಸರಲ್ಲೇ ಓಡಿಬಂದರು. “ಪಾಪು, ಆ ಕನ್ನಡಕ ತೆಗಿ. ಕಣ್ಣೊರೆಸು. ನಿನ್ನದೇ ಶಾಟ್ ಇದು.”

ಚೂಟಿ ಕೈ ಮುಂದೆ ಮಾಡಿದಳು. ಅಜ್ಜಿ ಯಾರನ್ನೂ ನೋಡುತ್ತಿರಲಿಲ್ಲ. ಕನ್ನಡಕದೊಳಗಿನ ಕಣ್ಣು ಆ ದಿಣ್ಣೆಯ ಬುಡದಲ್ಲೇ ಇತ್ತು.

ಚೂಟಿ ಕೈ ಹಿಂದಕ್ಕೆ ತೆಗೆದಳು. ಅಜ್ಜಿಗೂ ಕ್ಯಾಮೆರಾಕ್ಕೂ ನಡುವೆ ಹೋಗಿ, ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತಳು.

“ಪಾಪು, ಸೈಡಿಗೆ ಬಾ. ಬರೀ ನಿನ್ನ ಬೆನ್ನೇ ಬರ್ತಿದೆ.”

ಚೂಟಿ ಅಲ್ಲಾಡಲಿಲ್ಲ.

“ಬಗ್ಗಿಕೊಂಡು ಬಂದ್ಮೇಲೆ ತಾತ ಏನಂದ್ರು ಅಜ್ಜಿ?” ಅಂತ ಮೆಲ್ಲಗೆ ಕೇಳಿದಳು.