ಗಾಂಧಿ ಫೋಟೋಕ್ಕೆ ಎರಡು ಮಾಲೆ

"ಮಾಷ್ಟ್ರೇ, ಒಮ್ಮೆ ಬನ್ನಿ ಮಾರಾಯ್ರೇ! ಅಧ್ಯಕ್ಷರ ಫೋಟೋ ಕಾಣೆ. ನನ್ನ ಕೆಲಸ ಹೋಯಿತು!"

ಕಲ್ಲಬೈಲು ಪುರಸಭೆಯ ಜವಾನ ಕಿಟ್ಟ ಫೋನಿನಲ್ಲಿ ಹೀಗೆ ಅತ್ತಾಗ ಅನಂತಪದ್ಮನಾಭ ಮಾಷ್ಟ್ರು ಸಂಜೆಯ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಪುರಸಭೆಗೆ ಐವತ್ತು ತುಂಬಿದ ಸಮಾರಂಭ ಮರುದಿನ ಬೆಳಿಗ್ಗೆ. ಮೊದಲ ಐವರು ಅಧ್ಯಕ್ಷರ ಚರಿತ್ರೆ ಬರೆದವರು ಈ ನಿವೃತ್ತ ಮಾಷ್ಟ್ರೇ. ಪುಸ್ತಕ ಮಣಿಪಾಲದಲ್ಲಿ ಅಚ್ಚಾಗಿ ಬಂದೂ ಆಗಿತ್ತು. ಇಂಥ ಹೊತ್ತಿನಲ್ಲಿ ಅವರಿಗೆ ನೆನಪಾಗುವುದು ನೆರೆಮನೆಯ ಸೆಲೀನ್ ಬಾಯಿ ಒಬ್ಬರೇ. ಕಾರ್ಕಳದಲ್ಲಿ ಮೂವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದ ಹೆಂಗಸು. ಊರಿನ ಕಳ್ಳರು ಪೊಲೀಸರಿಗಿಂತ ಅವರ ಕಣ್ಣಿಗೇ ಹೆಚ್ಚು ಹೆದರುತ್ತಿದ್ದರು.

ಇಬ್ಬರೂ ಹೋದಾಗ ಸಭಾಂಗಣದಲ್ಲಿ ಈಗಿನ ಅಧ್ಯಕ್ಷ ಜಿತೇಂದ್ರ ಕೆಂಡವಾಗಿದ್ದರು. "ಬೀಗದ ಕೈ ಇವನ ಹತ್ತಿರ ಮಾತ್ರ ಉಂಟು. ನಾಳೆ ಬೆಳಿಗ್ಗೆ ಫೋಟೋ ಬಾರದಿದ್ದರೆ ಇವನು ಮನೆಗೆ, ಕೇಸು ಪೊಲೀಸರಿಗೆ."

ಗೋಡೆಯ ಮೇಲೆ ನಾಲ್ಕು ಫೋಟೋ, ನಾಲ್ಕಕ್ಕೂ ಮಲ್ಲಿಗೆ ಮಾಲೆ. ಕಿಟಕಿಯ ಬಳಿ, ಕೈಗೆಟಕುವ ಎತ್ತರದಲ್ಲಿ, ಐದನೆಯ ಮೊಳೆ ಬೋಳಾಗಿತ್ತು. ಅದರ ಕೆಳಗೆ ಮಾಷ್ಟ್ರು ಬರೆದ ಹೊಸ ಚೀಟಿಯಲ್ಲಿ 'ದಿವಂಗತ ರತ್ನಾವತಿ, ಮೊದಲ ಮಹಿಳಾ ಅಧ್ಯಕ್ಷೆ' ಎಂದಿತ್ತು. ಉಳಿದ ನಾಲ್ಕು ಚೀಟಿಗಳಲ್ಲಿ ತೀರಿಕೊಂಡ ವರ್ಷವೂ ಇತ್ತು.

ಸೆಲೀನ್ ಬಾಯಿ ಅದನ್ನೆಲ್ಲ ಓದಿ, ಮೇಜಿನ ಮೇಲಿನ ಗಾಂಧಿ ಫೋಟೋದ ಮುಂದೆ ನಿಂತರು. "ಗಾಂಧೀಜಿಗೆ ಎರಡು ಮಾಲೆ ಎಂತಕ್ಕೆ, ಕಿಟ್ಟ?"

"ನಾನು ಹಾಕಿದ್ದು ಒಂದೇ, ಬಾಯಿ. ಐದನೆಯ ಫೋಟೋಕ್ಕೂ ನಾನೇ ಹಾಕಿದ್ದೆ, ದೇವರಾಣೆ!"

ಸೆಲೀನ್ ಬಾಯಿ ಎರಡರಲ್ಲಿ ಮೇಲಿದ್ದ ಮಾಲೆಯನ್ನು ಎತ್ತಿ ನೋಡಿದರು. ಒಂದು ಎಸಳೂ ಉದುರಿರಲಿಲ್ಲ. ನಾರಿನಲ್ಲಿ ಏನೋ ಒಂದು ಹೊಳೆಯಿತು. ಅದನ್ನು ಬೆರಳಿಗೆ ಅಂಟಿಸಿಕೊಂಡು, "ಮಧ್ಯಾಹ್ನ ಯಾರು ಬಂದಿದ್ದರು?" ಎಂದರು.

"ಯಾರೂ ಇಲ್ಲ."

"ನೆನಪು ಮಾಡು ಮಗಾ, ಯಾರೂ ಇಲ್ಲ ಎಂದರೆ ಯಾರೂ ಇಲ್ಲವಾ?"

"ಮೀನಿನ ಅಮ್ಮ ಒಬ್ಬರು ನೀರು ಕೇಳಿದರು. ತರಲು ಒಳಗೆ ಹೋದೆ, ಅಷ್ಟೆ. ಇನ್ನಂಜೆಯ ಕಡೆಯಿಂದ ಬರುತ್ತಾರೆ, ಪಾಪ."

"ಮಾಷ್ಟ್ರೇ, ರತ್ನಾವತಿ ತೀರಿಕೊಂಡದ್ದು ಯಾವಾಗ?"

ಮಾಷ್ಟ್ರು ತಡವರಿಸಿದರು. "ವರ್ಷ ಸಿಗಲಿಲ್ಲ. ಉಳಿದ ನಾಲ್ವರೂ ಹೋಗಿದ್ದಾರಲ್ಲ... ಇವರೂ ಹಾಗೆಯೇ ಅಂದುಕೊಂಡೆ." ಹೇಳುತ್ತಿದ್ದ ಹಾಗೆ ಅವರು ಆ ಚೀಟಿಯತ್ತ ತಿರುಗಿ ನೋಡಿದರು.

ಸೆಲೀನ್ ಬಾಯಿ ಕಿಟ್ಟನನ್ನು ಕರೆದುಕೊಂಡು ಇನ್ನಂಜೆಗೆ ರಿಕ್ಷಾ ಹತ್ತಿದರು. ಮಾಷ್ಟ್ರು ಅಲ್ಲೇ ಕುಳಿತರು. ಮೂವತ್ತೈದು ವರ್ಷ ಮಕ್ಕಳಿಗೆ ಕೇಳಿ ಬರೆಯಿರಿ, ನೋಡಿ ಬರೆಯಿರಿ ಎಂದವರು ಅವರೇ. ಗಂಟೆಯೊಳಗೆ ಬಾಯಿ ಮರಳಿದಾಗ ಜೊತೆಗೆ ಎಪ್ಪತ್ತೆಂಟು ದಾಟಿದ ಒಬ್ಬ ಮುದುಕಿ ಇದ್ದರು, ಕಂಕುಳಲ್ಲಿ ಬಟ್ಟೆಯ ಗಂಟು.

"ಕಳ್ಳನಿಗೆ ಫೋಟೋ ಮೇಲೆ ದ್ವೇಷ ಇದ್ದಿದ್ದರೆ ಮಾಲೆ ಹರಿಯುತ್ತಿತ್ತು," ಎಂದರು ಸೆಲೀನ್ ಬಾಯಿ, ಎಲ್ಲರೂ ಸುತ್ತ ನಿಂತಾಗ. "ಹರಿಯಲಿಲ್ಲ, ಎಸೆಯಲಿಲ್ಲ. ಮಾಲೆಯನ್ನು ಗಾಂಧೀಜಿಗೆ ಹಾಕಿ ಹೋದರು. ಅಂದರೆ ಹೂವಿನ ಮೇಲೆ ಗೌರವ ಉಂಟು, ಆ ಫೋಟೋದ ಮೇಲೆ ಹೂವು ಬೇಡ. ನಮ್ಮ ಊರಲ್ಲಿ ಫೋಟೋಕ್ಕೆ ಮಾಲೆ ಬೀಳುವುದು ಯಾವಾಗ? ಆ ಫೋಟೋದಲ್ಲಿರುವವರು ಬದುಕಿದ್ದಾರೆ ಎಂದು ಗೊತ್ತಿದ್ದವರಿಗೆ ಅದನ್ನು ನೋಡಿಕೊಂಡು ಇರಲಿಕ್ಕೆ ಆಗುತ್ತದಾ? ವರ್ಷ ಇಲ್ಲದ ಚೀಟಿ ಒಂದೇ. ಇನ್ನು ಮಾಲೆಯಲ್ಲಿ ಸಿಕ್ಕಿದ್ದು ಇದು." ಅವರು ಬೆರಳು ಚಾಚಿದರು. ಒಣಗಿದ ಒಂದು ಮೀನಿನ ಹುರುಪೆ. "ಮೀನಿನ ಬುಟ್ಟಿ ಹೊತ್ತವರನ್ನು ಕಿಟ್ಟ ಜನರ ಲೆಕ್ಕಕ್ಕೇ ಹಿಡಿಯಲಿಲ್ಲ. ನಾವೂ ಹಿಡಿಯುವುದಿಲ್ಲ ಬಿಡಿ."

ಮುದುಕಿ ಗಂಟು ಬಿಚ್ಚಿ ಫೋಟೋ ಮೇಜಿನ ಮೇಲಿಟ್ಟರು. ಅದೇ ಹುಬ್ಬು, ಅದೇ ಗಟ್ಟಿ ಗದ್ದ.

"ಸಮಾರಂಭ ಉಂಟೆಂದು ಕೇಳಿದೆ, ಕರೆಯೋಲೆ ಬರಲಿಲ್ಲ. ನೋಡಿ ಹೋಗುವ ಎಂದು ಬಂದರೆ ನನ್ನ ಶ್ರಾದ್ಧವೇ ಮಾಡಿ ಇಟ್ಟಿದ್ದೀರಿ," ಎಂದರು ರತ್ನಾವತಿ. "ಮಲ್ಪೆಯಲ್ಲಿ ಮಗಳ ಮನೆಯಲ್ಲಿದ್ದೆ. ತಿರುಗಿ ಬಂದು ವರ್ಷ ಆಯಿತು. ಕೂಗಿ ಮೀನು ಮಾರುವವಳು ನಾನು, ಒಬ್ಬರೂ ಕೇಳಲಿಲ್ಲ." ಕಿಟ್ಟನ ತಲೆ ಸವರಿ, "ನಿನಗೆ ತೊಂದರೆ ಆಗುತ್ತದೆ ಎಂದು ಗೊತ್ತಾಗಲಿಲ್ಲ ಮಗಾ," ಎಂದರು.

ಜಿತೇಂದ್ರ ಕಿಟ್ಟನ ಮುಖ ನೋಡಲಾರದೆ, "ನಾಳೆ ಬೇಗ ಬಾ ಮಾರಾಯ, ಕುರ್ಚಿ ಹಾಕಲಿಕ್ಕುಂಟು," ಎಂದಷ್ಟೇ ಹೇಳಿದರು. ಕಿಟ್ಟನಿಗೆ ಅಷ್ಟೇ ಸಾಕಾಯಿತು.

ಮಾಷ್ಟ್ರು ಕೈಮುಗಿದರು. "ತಪ್ಪು ನನ್ನದು, ರತ್ನಾವತಿಯಕ್ಕ." ಮುನ್ನೂರು ಪ್ರತಿಗಳ ಕಟ್ಟು ಬಿಚ್ಚಿ, ಒಂದೊಂದರಲ್ಲೂ ಆ 'ದಿವಂಗತ'ವನ್ನು ತಮ್ಮ ಪೆನ್ನಿನಲ್ಲೇ ಹೊಡೆದು ಹಾಕತೊಡಗಿದರು. ಉಳಿದ ನಾಲ್ವರಿಗೆ ಹತ್ತು ಹತ್ತು ಪುಟ, ಈಕೆಗೆ ಎರಡು ಸಾಲು. ಅದು ಕಣ್ಣಿಗೆ ಬಿದ್ದಾಗ ಮಾಷ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ನಿಮ್ಮ ಕಾಲದಲ್ಲಿ ಎಂತ ಮಾಡಿದಿರಿ, ಅಕ್ಕ?"

"ಮೀನು ಮಾರ್ಕೆಟಿಗೆ ನೀರಿನ ನಳ್ಳಿ ಹಾಕಿಸಿದೆ. ಹೆಂಗಸರಿಗೆ ಕೂರಲಿಕ್ಕೆ ಕಟ್ಟೆ ಕಟ್ಟಿಸಿದೆ. ಅದಕ್ಕೇ ಅಲ್ವಾ ನನ್ನನ್ನು ಕುರ್ಚಿಯಿಂದ ಇಳಿಸಿದ್ದು! ಅದು ದೊಡ್ಡ ಕತೆ."

ಮರುದಿನ ಐದನೆಯ ಮೊಳೆ ಖಾಲಿಯೇ ಇತ್ತು. ರತ್ನಾವತಿ ಫೋಟೋವನ್ನು ರಾತ್ರಿಯೇ ಮತ್ತೆ ಗಂಟಿನಲ್ಲಿ ಕಟ್ಟಿ ಒಯ್ದಿದ್ದರು, ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ವೇದಿಕೆಯ ಮೇಲೆ ಮಾಷ್ಟ್ರು ಕಟ್ಟಿ ಸುತ್ತಿದ ಒಂದು ಚೆಂಡು ಮಲ್ಲಿಗೆಯನ್ನು ಅವರ ಕೈಗೆ ಕೊಟ್ಟರು. ಅವರು ಅದನ್ನು ಅಲ್ಲೇ, ಎಲ್ಲರೆದುರು ಬಿಡಿಸಿ, ಬಿಳಿ ತುರುಬಿಗೆ ಮುಡಿದುಕೊಂಡರು.