ಒಂದು ಮಾರು ದೂರದ ಫೋಕಸ್

ಚಳಿ ಹಿಂದೆಗೆಯುತ್ತಿದ್ದ ದಿನಗಳು. ಬೀದಿದೀಪ ಇನ್ನೂ ಹತ್ತಿರಲಿಲ್ಲ, ಅಂಗಡಿಯೊಳಗಿನದು ಹತ್ತಿತ್ತು. ಅಂಥ ಹೊತ್ತಿನಲ್ಲಿ ಹೆರಿಗೆ ವಾರ್ಡಿನ ನರ್ಸ್ ಕ್ಯಾಮೆರಾ ರಿಪೇರಿಯವನ ಬಾಗಿಲಿಗೆ ಬಂದಳು. ತೋಳಿನಲ್ಲಿ ಟವೆಲ್ ಸುತ್ತಿದ ಗಂಟು. ನೋಡಿದವನೇ ಅವನು ಗಾಬರಿಯಿಂದ ಎದ್ದು ನಿಂತ.

“ಹೆದರಬೇಡಿ, ಮಗು ಅಲ್ಲ,” ಎಂದಳು.

ಟವೆಲ್ ಬಿಚ್ಚಿದರೆ ಮಡಿಸುವ ಹಳೆಯ ಕ್ಯಾಮೆರಾ, ಕೂಡಲೇ ಫೋಟೊ ಕೈಗೆ ಕೊಡುವಂಥದ್ದು. ಎಷ್ಟೋ ವರ್ಷ ಆ ವಾರ್ಡಿನಲ್ಲಿ ಹುಟ್ಟಿದ ಕೂಸುಗಳ ಮೊದಲ ಫೋಟೊ ತೆಗೆದು ತಾಯಂದಿರ ಕೈಗಿಟ್ಟದ್ದು ಅದೇ. ಅದರ ಫಿಲ್ಮ್ ಮಾಡುವುದು ನಿಂತುಹೋಯಿತು, ಕ್ಯಾಮೆರಾ ಬೀರು ಸೇರಿತು.

“ಇದಕ್ಕೆ ಈಗ ಸಿಗೋ ಫಿಲ್ಮ್ ಹಾಕೋ ಹಾಗೆ ಮಾಡ್ತೀರಂತೆ?”

“ಮಾಡಬಹುದು. ಇದರ ಬೆನ್ನು ಕತ್ತರಿಸಿ, ಹೊಸ ಕ್ಯಾಮೆರಾದ ಬೆನ್ನು ಕೂಡಿಸಬೇಕು. ಒಂದು ಸಲ ಕತ್ತರಿಸಿದ್ರೆ ಮುಗೀತು. ಹಳೇ ಫಿಲ್ಮ್ ಎಲ್ಲಾದ್ರೂ ಸಿಕ್ಕಿದ್ರೂ ಹಾಕೋಕಾಗಲ್ಲ. ಯೋಚನೆ ಮಾಡಿ.”

“ನಾನು ದಿನಾ ಹೊಕ್ಕುಳಬಳ್ಳಿ ಕತ್ತರಿಸೋಳು. ನೀವು ಕತ್ತರಿಸಿ.”

ತನ್ನ ತಾಯಿ ಒಂಟಿಯಾಗಿರುವ ಊರಿನ ಆಸ್ಪತ್ರೆಗೆ ಅವಳು ವರ್ಗ ಮಾಡಿಸಿಕೊಂಡಿದ್ದಳು. ಹೋಗುವ ಮೊದಲು ಕ್ಯಾಮೆರಾಕ್ಕೆ ಜೀವ ಬರಿಸಿ ವಾರ್ಡಿಗೆ ಒಪ್ಪಿಸಬೇಕೆಂಬುದು ಆಸೆ.

ಕತ್ತರಿಸುವುದು, ಕೂಡಿಸುವುದು ಬೇಗನೇ ಆಯಿತು. ಕಷ್ಟವಿರುವುದು ಆಮೇಲೆ. ಹೊಸ ಬೆನ್ನು ಬಂದಾಗ ಫಿಲ್ಮ್ ಕೂರುವ ಜಾಗ ಕೂದಲೆಳೆಯಷ್ಟು ಹಿಂದೆಮುಂದೆ ಆಗುತ್ತದೆ. ಅಲ್ಲೊಂದು ಮಸುಕು ಗಾಜಿಟ್ಟು, ಹತ್ತಿರದ್ದೊಂದು, ದೂರದ್ದೊಂದು ನೋಡಿ ಫೋಕಸ್ ಹೊಂದಿಸಬೇಕು. ಹತ್ತಿರದ್ದಕ್ಕೆ ಯಾರಾದರೂ ಎದುರು ಕೂರಬೇಕು. ಡ್ಯೂಟಿ ಮುಗಿಸಿ ಬಂದವಳು ಕೂತಳು. ಮಾರನೆಯ ದಿನವೂ ಬಂದು ಕೂತಳು.

ಮೇಜಿನಾಚೆ ಸ್ಟೂಲು, ಒಂದು ಮಾರು ದೂರ. ಗಾಜಿನಲ್ಲಿ ಅವಳು ತಲೆಕೆಳಗು. ಕಿವಿಯ ಹತ್ತಿರ ಜಾರಿದ ಕೂದಲು, ಅರ್ಧ ನಗು, ಕಣ್ಣರೆಪ್ಪೆಯ ಒಂದೊಂದು ಎಳೆ. ರೆಪ್ಪೆ ಸ್ಪಷ್ಟವಾಗುವವರೆಗೆ ಅವನು ಸ್ಕ್ರೂ ತಿರುಗಿಸುತ್ತಿದ್ದ. ಸ್ಪಷ್ಟವಾದ ಮೇಲೂ ನೋಡುತ್ತಿದ್ದ.

“ತಲೆಕೆಳಗಾಗಿ ಹೇಗೆ ಕಾಣ್ತೀನಿ?”

“ಹಾಗೂ ಚೆನ್ನಾಗೇ ಕಾಣ್ತೀರ.”

ಏನಂದೆನೆಂದು ಅವನಿಗೆ ಮಾತು ಬಾಯಿ ಬಿಟ್ಟ ಮೇಲೆ ಗೊತ್ತಾಯಿತು. ಸ್ಕ್ರೂ ಬಿತ್ತು ಎಂದು ಮೇಜಿನ ಕೆಳಗೆ ಹೊಕ್ಕು ತಡಕಾಡಿದ. ಬಿದ್ದ ಸ್ಕ್ರೂ ಯಾವುದೂ ಇರಲಿಲ್ಲ.

ಅಂಗಡಿಯ ಇನ್ನೊಂದು ಪಕ್ಕದಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದ ಅವನ ಅಕ್ಕನಿಗೆ ಇದೆಲ್ಲ ಕಾಣದೆ ಇರುತ್ತದೆಯೇ? “ಬೇರೆಯವರ ಕ್ಯಾಮೆರಾ ಬೆಳಗ್ಗೆ ಕೊಟ್ರೆ ಸಂಜೆಗೆ ಕೊಡ್ತಾನೆ. ಇದಕ್ಕೇನು ನವಮಾಸ ತುಂಬಬೇಕಾ?”

“ಅವಸರದ ಹೆರಿಗೆ ಒಳ್ಳೇದಲ್ಲ ಅಕ್ಕಾ,” ಎಂದಳು ನರ್ಸ್, ಅವನತ್ತ ನೋಡದೆ.

ಕೆಲಸ ಮುಗಿದರೆ ಅವಳು ಬರುವುದೂ ಮುಗಿಯಿತು ಎಂದು ಅವನಿಗೆ ಗೊತ್ತಿತ್ತು. ತಾಯಿಯ ಹತ್ತಿರ ಹೋಗುವವಳನ್ನು ನಿಲ್ಲು ಎನ್ನಲು ತಾನು ಯಾರು? ಕೊನೆಗೊಂದು ಸಂಜೆ ಕ್ಯಾಮೆರಾ ಅವಳ ಕೈಗಿಟ್ಟ. “ಬರ್ತೀನಿ,” ಎಂದವಳು ಹೊಸ್ತಿಲಲ್ಲಿ ನಿಂತು, ಸುತ್ತಿದ್ದ ಟವೆಲ್ಲನ್ನೇ ಬಿಚ್ಚಿ ಮತ್ತೆ ಸುತ್ತಿದಳು. ಅವನು ಒರೆಸಿದ್ದ ಮೇಜನ್ನೇ ಮತ್ತೆ ಒರೆಸಿದ.

ಬುಧವಾರ ಮಧ್ಯಾಹ್ನ ಅವಳು ತಿರುಗಿ ಬಂದಳು, ಮುಖ ಬಿಗಿದುಕೊಂಡು. ಬೀಳ್ಕೊಡುಗೆಗೆಂದು ವಾರ್ಡಿನವರೆಲ್ಲ ಅಂಗಳದಲ್ಲಿ ಸಾಲಾಗಿ ನಿಂತು ತೆಗೆಸಿಕೊಂಡ ಫೋಟೊ ಮೇಜಿನ ಮೇಲೆ ಇಟ್ಟಳು. ಅನ್ನದ ಆವಿ ಹಿಡಿದ ಕನ್ನಡಕದಲ್ಲಿ ನೋಡಿದ ಹಾಗಿತ್ತು.

“ಇದು ನಮ್ಮ ಹೆಡ್ ನರ್ಸ್. ಅಲ್ಲದಿದ್ರೆ ಕಿಟಕಿ ಪರದೆ. ನೀವೇ ಹೇಳಿ.”

ಅವಳು ಇನ್ನೊಂದು ಫೋಟೊ ಇಟ್ಟಳು. ಹಾಸಿಗೆಯಲ್ಲಿ ಕೂತ ಬಾಣಂತಿ, ಮಡಿಲಲ್ಲಿ ಕೂಸು. ಕೂಸಿನ ಹುಬ್ಬಿನ ರೋಮ ಕೂಡ ಎಣಿಸಬಹುದಿತ್ತು.

“ಇದು ಇಷ್ಟು ಚೆನ್ನಾಗಿ ಬಂದಿದೆ, ಅದ್ಯಾಕೆ ಹಾಗೆ?”

“ಇದನ್ನ ಎಷ್ಟು ದೂರದಿಂದ ತೆಗೆದ್ರಿ?”

ಅವಳು ಸುತ್ತ ನೋಡಿ ಅಳತೆ ಹುಡುಕಿದಳು. “ಇಷ್ಟೇ. ಆ ಸ್ಟೂಲಿಂದ ನಿಮ್ಮವರೆಗೆ…” ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಆ ಕಡೆ ಮೆಷಿನ್ ಕೂಡ ನಿಂತಿತು.

“ದೂರದ್ದು ನೋಡಲೇ ಇಲ್ವಾ ನೀವು?”

“ಪ್ರತಿ ಕ್ಯಾಮೆರಾಕ್ಕೂ ಆಚೆಯ ನೀರಿನ ಟ್ಯಾಂಕ್ ನೋಡಿ ಹೊಂದಿಸ್ತೀನಿ. ಇದೊಂದಕ್ಕೆ… ಗಾಜು ನೋಡಿದಾಗೆಲ್ಲ ನೀವಿದ್ರಿ. ಎಲ್ಲಾ ಸರಿಯಾಗೇ ಕಾಣ್ತಿತ್ತು. ದೂರ ಅನ್ನೋದೊಂದಿದೆ ಅನ್ನೋದೇ ಮರೆತುಹೋಯ್ತು.”

ಅವಳ ಬಿಗಿದ ಮುಖ ಸಡಿಲವಾಯಿತು. ನಗು ತಡೆಯಲು ತುಟಿ ಕಚ್ಚಿಕೊಂಡಳು. “ಬಾಯಲ್ಲಿ ಹೇಳಬಹುದಿತ್ತಲ್ಲ. ನಮ್ಮ ವಾರ್ಡನ್ನೆಲ್ಲ ಆವಿ ಮಾಡಬೇಕಿತ್ತಾ?”

“ಹೋಗಬೇಡಿ ಅನ್ನೋಕೆ ಬಾಯಿ ಬರಲ್ಲ. ಅಲ್ಲಿ ಅಮ್ಮ ಕಾಯ್ತಿದಾರೆ.”

“ಹೋಗಬೇಡಿ ಅಂದ್ರೂ ನಾನು ನಿಲ್ಲಲ್ಲ. ಬೇರೆ ಏನಾದ್ರೂ ಕೇಳೋದಿದ್ರೆ ಕೇಳಿ.”

ಅವನು ತಲೆ ಎತ್ತಿದ. ಗಾಜಿಲ್ಲದೆ, ನೆಟ್ಟಗೆ, ಅವಳನ್ನು ನೋಡಿದ. “ನಾನು ಬರಲಾ?”

“ಅಲ್ಲೂ ಕ್ಯಾಮೆರಾ ಕೆಡ್ತವೆ,” ಎಂದಳು ಅವಳು, ಮೆಲ್ಲಗೆ. “ಬನ್ನಿ.”

ಬಿಸಿಲಿಳಿಯುವ ಮುಂಚೆ ಇಬ್ಬರೂ ಬಾಗಿಲಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು, ನೀರಿನ ಟ್ಯಾಂಕಿನ ಏಣಿಯ ಮೆಟ್ಟಿಲು ಒಂದೊಂದೂ ಕಾಣುವವರೆಗೆ ಫೋಕಸ್ ಹೊಂದಿಸಿದರು. ಗುರುವಾರ ವಾರ್ಡಿನವರು ಇನ್ನೊಂದು ಸಲ ಸಾಲಾಗಿ ನಿಂತರು. ಹೆಡ್ ನರ್ಸ್ ಹೆಡ್ ನರ್ಸಾಗಿಯೇ ಬಂದರು.

“ನಿನ್ನ ನಂಬಿ ಕೂತ್ರೆ,” ಎಂದಳು ಅಕ್ಕ ತಮ್ಮನಿಗೆ, ಬ್ಯಾಗಿಗೆ ಬಟ್ಟೆ ತುಂಬುತ್ತ, “ಅವಳ ತಾಯಿ ಹತ್ತಿರ ಮಾತಾಡೋಕೆ ನಿನಗೆ ಇನ್ನೊಂದು ಕ್ಯಾಮೆರಾ ಕೆಡಬೇಕಾಗತ್ತೆ. ಅಂಗಡಿಯ ಕೆಲಸ ಮುಗಿಸಿ ನೀನು ನಿಧಾನಕ್ಕೆ ಬಾ.”

ಶುಕ್ರವಾರ ಬೆಳಗಿನ ಬಸ್ಸಿಗೆ ನರ್ಸ್ ಹೊರಟಳು. ಪಕ್ಕದ ಸೀಟಿನಲ್ಲಿ ಅಕ್ಕನೂ ಹೊರಟಳು.