ನೈಋತ್ಯ ಮೂಲೆಯ ಸೂರು

ಮನೆಯ ಸೂರಿನ ಅಡಿಭಾಗವನ್ನು ಕಂಪ್ಯೂಟರಿನಲ್ಲಿ ಬರೆಯಬೇಕೋ ಬೇಡವೋ ಎಂಬುದು ಮನುಕುಲ ಇತ್ಯರ್ಥ ಮಾಡಬೇಕಾದ ಮಹಾಪ್ರಶ್ನೆಗಳಲ್ಲಿ ಒಂದು. ಚಿಂತಾಮಣಿ ಬಸ್‌ಸ್ಟ್ಯಾಂಡಿನ ಹಿಂದಿನ ಮಹಡಿ ಕೋಣೆಯೊಂದರಲ್ಲಿ ವರ್ಷಗಟ್ಟಲೆ ಅದರ ವಿಚಾರಣೆ ನಡೆದಿತ್ತು. ಗೋಡೆಯಿಂದ ಆಚೆ ಚಾಚಿದ ಛಾವಣಿಯ ಹೊಟ್ಟೆಗೆ ಸಿಮೆಂಟ್ ಶೀಟು ಹೊಡೆದು ಮುಚ್ಚುತ್ತಾರಲ್ಲ, ಅದೇ ಸಾಫಿಟ್. ಮನೆಗಳ ತ್ರೀಡಿ ಚಿತ್ರ ಮಾಡಿಕೊಡುತ್ತಿದ್ದ ಜಗನ್, ಅದಿಲ್ಲದ ಮನೆ ಮನೆಯೇ ಅಲ್ಲ ಎನ್ನುತ್ತಿದ್ದ. ಅವನ ದೊಡ್ಡಪ್ಪನ ಮಗ, ಆಫೀಸಿನ ಪಾಲುದಾರ ಮಧುಸೂದನ್, ಅದು ಶುದ್ಧ ಕಾಲಹರಣ ಎನ್ನುತ್ತಿದ್ದ. ಕತ್ತೆತ್ತಿ ನೋಡುವವರು ಯಾರು ಎಂಬುದು ಅವನ ಸಿದ್ಧಾಂತ.

ಮಂಗಳವಾರ ಬೆಳಿಗ್ಗೆ ಜಂಗಮಕೋಟೆಯಲ್ಲಿ ಅಕ್ಕಯ್ಯಮ್ಮನೂ ಕತ್ತೆತ್ತಲಿಲ್ಲ. ಕಾಲ ಬಳಿ ನೋಡಿದರು. ಅವರ ಹೊಸ ಮನೆಯ ಹಿಂದೆ, ಏಣಿಯ ಬುಡದಲ್ಲಿ, ಜಗನ್ ಬಿದ್ದಿದ್ದ. ಮುಖ ಇರಬೇಕಾದ ಜಾಗದಲ್ಲಿ ಮುಖವಿರಲಿಲ್ಲ. ಬಲಗೈಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ಪಕ್ಕದಲ್ಲಿ ಛಾವಣಿಗೆ ಆಸರೆ ಕೊಡುವ ಸೆಂಟ್ರಿಂಗ್ ಪೈಪು. ಅದರ ತುದಿಯಲ್ಲಿ ಕೂದಲು.

ಸಬ್‌ಇನ್‌ಸ್ಪೆಕ್ಟರ್ ಗೌತಮಿ ಬಂದಾಗ ಊರು ಅರ್ಧ ಅಲ್ಲೇ ಇತ್ತು. ಕಾನ್‌ಸ್ಟೇಬಲ್ ರಮೇಶ್‌ಬಾಬು ಹೆಣ ನೋಡಿ ಹಿಪ್ಪುನೇರಳೆ ತೋಟದ ಬದುವಿಗೆ ಹೋಗಿ ವಾಂತಿ ಮಾಡಿಕೊಂಡ. ಮನೆ ಕಟ್ಟುತ್ತಿದ್ದ ಕಂಟ್ರಾಕ್ಟರ್ ಮೋಹನ್‌ಬಾಬು ಕಣ್ಣೊರೆಸಿಕೊಳ್ಳುತ್ತಲೇ ಕುರ್ಚಿ ಹಾಕಿಸಿದ, ಟೀ ತರಿಸಿದ. ದುಃಖದಲ್ಲೂ ವ್ಯವಸ್ಥೆ ಮರೆಯದ ಮನುಷ್ಯ.

ಬದುವಿನಿಂದ ಮರಳಿದ ರಮೇಶ್‌ಬಾಬು ಮೇಡಮ್ಮಿನ ಕಿವಿಯಲ್ಲಿ ಕಂಟ್ರಾಕ್ಟರನ ಚರಿತ್ರೆ ಊದಿದ. ಅವನೂ ತಾನೂ ಗೌರಿಬಿದನೂರಿನವರು. ಯುಗಾದಿ ಆದಮೇಲೆ ಮೋಹನ್‌ಬಾಬುವಿನ ಹೆಂಡತಿ ಯಾಮಿನಿ ಹಿಂದೂಪುರದ ರೈಲು ಹತ್ತಿ ಯಾರ ಜೊತೆಗೋ ಹೋದಳಂತೆ. ಇವನೇ ಪೊಲೀಸ್ ಸ್ಟೇಷನ್ನಿಗೆ ಬಂದು, ಅತ್ತು, ದೂರು ಕೊಟ್ಟನಂತೆ.

"ಪಾಪದ ಮನ್ಸ ಮೇಡಂ," ಎಂದ ರಮೇಶ್‌ಬಾಬು.

ಪಾಪದ ಮನುಷ್ಯ ಒಂದು ಮುಖ್ಯ ಸಂಗತಿ ಹೇಳಿದ. ಹಿಂದಿನ ದಿನ ಅಣ್ಣತಮ್ಮಂದಿರು ಇದೇ ಅಂಗಳದಲ್ಲಿ ಕಿತ್ತಾಡಿದ್ದರು. "ಇನ್ನೊಂದು ಸಾಫಿಟ್ ಬರೆದ್ರೆ ತಲೆ ಒಡೀತೀನಿ ಕಣೋ" ಎಂದು ಮಧುಸೂದನ್ ಕೂಗಿದ್ದ. ಗಾರೆಯವರೂ ಹೌದೆಂದರು. ಸುಳ್ಳಲ್ಲ, ಕೂಗಿದ್ದ.

ಅಕ್ಕಯ್ಯಮ್ಮನ ಹೇಳಿಕೆ ಮಾತ್ರ ದಾರಿ ತಪ್ಪುತ್ತಿತ್ತು. ಗೃಹಪ್ರವೇಶದ ಹೊಸ್ತಿಲಲ್ಲಿ ಹೆಣ ಬಿತ್ತಲ್ಲ ಎಂಬ ಸಂಕಟದ ನಡುವೆಯೇ ಅವರು ಗಾರೆಯವರ ಕಳ್ಳತನಕ್ಕೆ ಬಂದರು. ಪಕ್ಕದ ರೇಷ್ಮೆ ಹುಳುಮನೆ ತೊಳೆಯಲು ಇಟ್ಟಿದ್ದ ಬ್ಲೀಚಿಂಗ್ ಪೌಡರಿನ ಮೂಟೆ ಬೇಸಿಗೆಯಲ್ಲೇ ಮಾಯವಾಗಿತ್ತು. ಗೌತಮಿ ಅದನ್ನೂ ಕೇಳಿಸಿಕೊಂಡಳು. ಗಾಳಿಯಲ್ಲಿ ಈಗಲೂ ಆ ಪುಡಿಯ ಘಾಟಿತ್ತು. ರೇಷ್ಮೆ ಸಾಕುವ ಊರಿನಲ್ಲಿ ಅದನ್ನು ಯಾರೂ ಮೂಸಿ ನೋಡುವುದಿಲ್ಲ.

*

ಪೊಲೀಸರಿಗಿಂತ ಮೊದಲು ಜಗನ್‌ನ ಸೋದರಮಾವಂದಿರು ಚಿಂತಾಮಣಿ ತಲುಪಿದರು. ಮಧುಸೂದನನನ್ನು ಮಹಡಿ ಮೆಟ್ಟಿಲ ಮೇಲೆ ಕಾಲು ಹಿಡಿದು ಎಳೆದು ತಂದರು. ಪ್ರತಿ ಮೆಟ್ಟಿಲಿಗೂ ತಲೆ ಬಡಿಯಿತು. ಕೆಳಗೆ ಬೈಕಿನ ಚೈನು ಕಾದಿತ್ತು. ಎಡಗೈ ಮೊಣಕೈಯಲ್ಲಿ ಹಿಂದಕ್ಕೆ ಮುರಿಯಿತು. ಎರಡು ಹಲ್ಲು ಚರಂಡಿಗೆ ಹೋದವು. ಜಗನ್‌ನ ತಾಯಿ ಆಂಜಿನಮ್ಮ ಎದುರು ಅಂಗಡಿಯ ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ಸಾಕು ಎನ್ನಲಿಲ್ಲ. ಏಟು ತಿನ್ನುತ್ತಿದ್ದ ಆ ಹುಡುಗನಿಗೂ ಚಿಕ್ಕಂದಿನಲ್ಲಿ ಎಣ್ಣೆ ಹಚ್ಚಿ ನೀರು ಹಾಕಿ ಬೆಳೆಸಿದ್ದು ಅವರೇ.

ಜೀಪು ಬಂದದ್ದರಿಂದ ಅವನು ಉಳಿದ.

ಶಿಡ್ಲಘಟ್ಟದ ಸ್ಟೇಷನ್ನಿನಲ್ಲಿ ಇನ್‌ಸ್ಪೆಕ್ಟರು ಬಹಳ ಖುಷಿಯಾಗಿದ್ದರು. ಸಾಕ್ಷಿ ಇದೆ, ಬೆದರಿಕೆ ಇದೆ, ಅಂಗಿಯ ಮೇಲೆ ರಕ್ತವೂ ಇದೆ. ಆ ರಕ್ತ ಅವನದೇ ಮೂಗಿನದು ಎಂದು ಗೌತಮಿ ಹೇಳಿದಳು. ಅದನ್ನು ಕೋರ್ಟು ನೋಡಿಕೊಳ್ಳಲಿ ಎಂದರು. ನಾಳೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಆಮೇಲೆ ಜೈಲು. ಸೋದರಮಾವಂದಿರ ಪೈಕಿ ಒಬ್ಬನ ಭಾವಮೈದ ಆ ಜೈಲಿನೊಳಗೇ ಇದ್ದ.

ಮಧುಸೂದನನನ್ನು ಸೇರಿಸಿದ್ದ ಆಸ್ಪತ್ರೆಯ ಕಾರಿಡಾರಿನಲ್ಲಿ ಅವನ ತಂದೆ ನರಸಿಂಹಪ್ಪ, ನಿವೃತ್ತ ಮೇಷ್ಟರು, ಗೌತಮಿಗೆ ಅಡ್ಡ ನಿಂತರು.

"ಒಬ್ಬನ್ನ ಹೂಳಿ ಬಂದೆ ಕಣಮ್ಮ. ಅವನೂ ನನ್ನ ಮಗನೇ. ಇವನನ್ನ ಜೈಲಿಗೆ ಕಳಿಸಿದ್ರೆ ನಾಳಿದ್ದು ಇವನನ್ನೂ ಹೂಳ್ಬೇಕು. ಇವನು ಮಾಡಿದ್ರೆ ನಾನೇ ಹೇಳ್ತೀನಿ. ಮಾಡಿಲ್ಲ."

ತಂದೆಯರೆಲ್ಲ ಹೀಗೇ ಹೇಳುತ್ತಾರೆ. ಆದರೆ ಎಲ್ಲರೂ ಇಷ್ಟು ಮೆಲ್ಲಗೆ ಹೇಳುವುದಿಲ್ಲ.

*

ಗೌತಮಿ ಜಗನ್‌ನ ಲ್ಯಾಪ್‌ಟಾಪು ತಂದು ಮಧುಸೂದನನ ಮಂಚದ ಮೇಲಿಟ್ಟಳು. ಗೃಹಪ್ರವೇಶದಲ್ಲಿ ತೋರಿಸಲು ಅವನು ಅಕ್ಕಯ್ಯಮ್ಮನ ಮನೆಯ ವಿಡಿಯೊ ಮಾಡುತ್ತಿದ್ದ. ಕಟ್ಟಿದ ಮನೆಗೂ ಚಿತ್ರಕ್ಕೂ ಕೂದಲೆಳೆ ವ್ಯತ್ಯಾಸ ಇರಬಾರದೆಂದು ಹೋಗಿ ಹೋಗಿ ಅಳೆಯುತ್ತಿದ್ದ. ಅದಕ್ಕೇ ಜಗಳ.

ಮಧುಸೂದನ್ ಒಂದು ಕೈಯಲ್ಲಿ, ಒಂದು ಕಣ್ಣಿನಲ್ಲಿ, ಮನೆಯನ್ನು ಪರದೆಯ ಮೇಲೆ ತಲೆಕೆಳಗೆ ತಿರುಗಿಸಿದ. ಸೂರಿನ ಹೊಟ್ಟೆ ಕಂಡಿತು. ಕೈ ನಿಂತಿತು.

"ಛಾವಣಿ ಅಂಚಿಗೇ ಅಂಟಿಸಿ ಸಾಫಿಟ್ ಮಾಡ್ತೀವಿ ಮೇಡಂ. ಛಾವಣಿ ಹೋದ ಕಡೆ ಅದೂ ಹೋಗ್ತದೆ. ಮೂರು ಮೂಲೆ ಹಂಗೇ ಅದೆ. ಇದೊಂದನ್ನ ಬಿಡಿಸಿ, ಬೇರೆ ತುಂಡು ಮಾಡಿ, ಕೆಳಕ್ಕೆ ಇಳಿಸಿದಾನೆ."

"ತಪ್ಪಾಗಿರ್ಬೋದಪ್ಪ."

"ಸಾಫಿಟ್ಟಲ್ಲಿ ಅವನು ತಪ್ಪು ಮಾಡಲ್ಲ. ಅಲ್ಲಿ ಹಂಗಿದ್ರೆ ಹಂಗೇ ಬರೀತಾನೆ. ಸುಳ್ಳು ಬರೆಯೋನು ನಾನು." ಊದಿದ ತುಟಿಯನ್ನು ಒರೆಸಿಕೊಂಡ. "ಆ ಮೂಲೇಲಿ ಛಾವಣಿಗೂ ಸಾಫಿಟ್ಟಿಗೂ ನಡುವೆ ಒಬ್ಬ ಮಲಗೋವಷ್ಟು ಜಾಗ ಅದೆ."

ಹೇಳಿದ ಮೇಲೆ ಅವನಿಗೇ ಆ ಮಾತು ಹಿಡಿಸಲಿಲ್ಲ.

*

ಗೌತಮಿ ರಮೇಶ್‌ಬಾಬುವನ್ನು ಕರೆದುಕೊಂಡು ಸೈಟಿಗೆ ಹೋಗಿ, ಆ ಹಳ್ಳಿಯಲ್ಲಿ ಯಾರೂ ಮಾಡದ ಕೆಲಸ ಮಾಡಿದಳು. ಕತ್ತೆತ್ತಿದಳು. ಹೆಣ ಬಿದ್ದಿದ್ದ ಜಾಗದ ನೇರಕ್ಕೆ ಸೂರಿನ ಹೊಟ್ಟೆ ಕೆಳಕ್ಕೆ ಜೋತಿತ್ತು. ಗಾರೆಯವರನ್ನು ವಿಚಾರಿಸಿದಳು. ಆ ಮೂಲೆಗೆ ಶೀಟು ಹೊಡೆದದ್ದು ಅವರಲ್ಲ. ಯುಗಾದಿ ರಜೆ ಮುಗಿಸಿ ಬಂದಾಗ ಅದು ಆಗಿಯೇ ಇತ್ತು. ಮೋಹನ್‌ಬಾಬು ಯಜಮಾನರೇ ಮುಗಿಸಿದರು ಎಂದುಕೊಂಡರಂತೆ. ಯಜಮಾನ ತಾನೇ ಕೆಲಸ ಮಾಡಿದರೆ ಕೂಲಿಯವರು ಬೇಜಾರು ಪಟ್ಟುಕೊಳ್ಳುವುದಿಲ್ಲ.

"ಈ ಮೂಲೆ ಯಾಕೆ ತಗ್ಗಿಸಿದ್ರಿ?" ಎಂದು ಮೋಹನ್‌ಬಾಬುವನ್ನು ಕೇಳಿದಳು.

"ಅಕ್ಕಯ್ಯಮ್ಮನೋರೇ ಹೇಳಿದ್ದು ಮೇಡಂ. ವಾಸ್ತು."

ಒಳ್ಳೆಯ ಉತ್ತರ. ನಮ್ಮ ಕಡೆ ವಾಸ್ತು ಎಂದ ಮೇಲೆ ಎರಡನೇ ಪ್ರಶ್ನೆ ಇರುವುದಿಲ್ಲ. ಬಾಗಿಲು ಕಿತ್ತು ಗೋಡೆ ಮಾಡುತ್ತಾರೆ, ಬಾವಿ ಮುಚ್ಚಿ ದೇವರ ಕೋಣೆ ಮಾಡುತ್ತಾರೆ, ಯಾರೂ ಯಾಕೆ ಎನ್ನುವುದಿಲ್ಲ. ಆದರೆ ಗೌತಮಿ ಸೂರ್ಯ ಮುಳುಗುತ್ತಿದ್ದ ಕಡೆ ನೋಡಿದಳು. ತನ್ನ ತಾಯಿ ನೀರಿನ ಟ್ಯಾಂಕನ್ನು ಯಾವ ಮೂಲೆಗೆ ಹೊರಿಸಿದ್ದರೆಂಬುದು ನೆನಪಾಯಿತು. ಅಕ್ಕಯ್ಯಮ್ಮನನ್ನು ಹುಳುಮನೆಯಿಂದ ಕರೆಸಿದಳು.

"ಅಮ್ಮ, ಇದು ಯಾವ ಮೂಲೆ?"

"ನೈಋತ್ಯ."

"ಇದನ್ನ ತಗ್ಗಿಸು ಅಂತ ಹೇಳಿದ್ರಾ?"

ಅಕ್ಕಯ್ಯಮ್ಮ ಕಷ್ಟಪಟ್ಟು ಕತ್ತೆತ್ತಿದರು. ಪೊರೆ ಬಂದ ಕಣ್ಣು. ತುಸು ಹೊತ್ತು ನೋಡಿದರು.

"ನೈಋತ್ಯ ಎತ್ತರ ಇರ್ಬೇಕು, ಈಶಾನ್ಯ ತಗ್ಗಿರ್ಬೇಕು. ಎತ್ತು ಮೇಯ್ಸೋನಿಗೂ ಗೊತ್ತು. ನೈಋತ್ಯ ತಗ್ಗಿಸಿದ್ರೆ ಮನೇಲಿ ಹೆಣ ಬೀಳ್ತದೆ. ನಾನು ಹೇಳ್ತೀನೇನೋ ಹಂಗೆ, ಮೋಹನ್‌ಬಾಬು?"

ಗೌತಮಿ ಏಣಿ ಹತ್ತಿ, ಮೊಳೆ ಕೀಳುವ ಕಬ್ಬಿಣವನ್ನು ಶೀಟಿನ ಸಂದಿಗೆ ಹಾಕಿ ಮೀಟಿದಳು. ಮೊದಲು ಪುಡಿ ಸುರಿಯಿತು, ಬಿಳಿಯ ಘಾಟು ಪುಡಿ. ಆಮೇಲೆ ಟಾರ್ಪಾಲಿನ ಅಂಚು ಇಳಿಯಿತು. ಆಮೇಲೆ ಒಂದು ಜಡೆ, ಜಡೆಯ ಹಿಂದೆ ಒಡೆದ ತಲೆ, ಹಸಿರು ಬಳೆಯ ಒಂದು ಕೈ. ಕೈ ಗಾಳಿಯಲ್ಲಿ ತೂಗಾಡಿತು.

ರಮೇಶ್‌ಬಾಬು ಈ ಸಲ ವಾಂತಿ ಮಾಡಿಕೊಳ್ಳಲಿಲ್ಲ. ಪುರಸೊತ್ತಾಗಲಿಲ್ಲ. ಮೋಹನ್‌ಬಾಬು ಎತ್ತಿಕೊಂಡ ಪೈಪು ಅವನ ದವಡೆಗೆ ಬಿತ್ತು. ಎರಡನೇ ಏಟು ಏಣಿಗೆ. ಗೌತಮಿ ಏಣಿಯ ಸಮೇತ ಹೊಡೆದವನ ಮೇಲೇ ಬಿದ್ದಳು. ಮೋಹನ್‌ಬಾಬು ಅವಳ ಕತ್ತು ಹಿಸುಕಿದ. ಅವಳು ಕೈಯಲ್ಲಿದ್ದ ಕಬ್ಬಿಣದಿಂದ ಅವನ ಮಂಡಿಗೆ ಹೊಡೆದಳು, ಅದು ಮಂಡಿಯಂತೆ ಕಾಣದಾಗುವವರೆಗೂ ಹೊಡೆದಳು. ಗಾರೆಯವರು ಬಂದು ಬಿಡಿಸಿದರು.

*

ಆಸ್ಪತ್ರೆಯಲ್ಲಿ ನರಸಿಂಹಪ್ಪ ಕೇಳಿದ್ದಕ್ಕೆ ಗೌತಮಿ ಎಲ್ಲ ಬಿಡಿಸಿ ಹೇಳಿದಳು. ತವರಿಗೆ ಹೋಗುತ್ತೇನೆ, ಇನ್ನು ಬರುವುದಿಲ್ಲ ಎಂದ ಯಾಮಿನಿಯ ತಲೆಯನ್ನು ಮೋಹನ್‌ಬಾಬು ಗುಂಡುಕಲ್ಲಿನಿಂದ ಜಜ್ಜಿದ್ದ. ಹಬ್ಬದ ರಜೆಯಲ್ಲಿ ಸೈಟು ಖಾಲಿಯಿತ್ತು. ಸೂರಿನೊಳಗೆ ಹೆಣ ಹಿಡಿಸಲಿಲ್ಲ, ಆದ್ದರಿಂದ ಸಾಫಿಟ್ ಇಳಿಸಿದ. ಹೆಣದ ವಾಸನೆ ಮುಚ್ಚಲು ಅಕ್ಕಯ್ಯಮ್ಮನ ಪುಡಿ, ಪುಡಿಯ ವಾಸನೆ ಮರೆಸಲು ಹುಳುಮನೆ. ಊರಿಗೆ ಹೇಳಲು ಹಿಂದೂಪುರದ ರೈಲು. ಯಾರೂ ಕತ್ತೆತ್ತಲಿಲ್ಲ. ಸೋಮವಾರ ಜಗಳ ಮುಗಿದ ಮೇಲೆ ಜಗನ್ ಫೋನ್ ಮಾಡಿ, ನಿಮ್ಮ ಮೂಲೆ ನನ್ನ ಚಿತ್ರಕ್ಕೆ ಹೊಂದುತ್ತಿಲ್ಲ, ಒಂದು ಶೀಟು ಬಿಚ್ಚಿ ಕೊಡಿ ಎಂದಿದ್ದ. ಗಾರೆಯವರು ಹೋದ ಮೇಲೆ ಬಾ ಎಂದು ಇವನು ಕರೆದ. ಕೊಲೆಯನ್ನು ಇನ್ನೊಬ್ಬನ ತಲೆಗೆ ಕಟ್ಟಲು ಕಾರಣ ಹುಡುಕಬೇಕಿರಲಿಲ್ಲ. ಮಧುಸೂದನ್ ಅಷ್ಟೊತ್ತಿಗೇ ಕೂಗಿ ಕೊಟ್ಟಿದ್ದ.

"ಮೂಲೆ ತಗ್ಗಿಸಿದ್ದಕ್ಕೆ ವಾಸ್ತು ಬಿಟ್ಟು ಬೇರೆ ಏನಾದ್ರೂ ನೆವ ಹೇಳಿದ್ರೆ ನಾನು ನಂಬಿಬಿಡ್ತಿದ್ದೆ ಮೇಷ್ಟ್ರೇ," ಎಂದಳು ಗೌತಮಿ.

ಬಾಗಿಲಲ್ಲಿ ಆಂಜಿನಮ್ಮ ನಿಂತಿದ್ದರು. ಕೈಯಲ್ಲಿ ಟಿಫನ್ ಕ್ಯಾರಿಯರು. ಯಾರೂ ಒಳಗೆ ಕರೆಯಲಿಲ್ಲ. ಅದನ್ನು ಹೊಸ್ತಿಲಲ್ಲಿಟ್ಟು ಹೋದರು. ಮಧುಸೂದನ್ ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, ಆಮೇಲೆ ತರಿಸಿಕೊಂಡು ಉಂಡ.

ಚಿಕ್ಕಬಳ್ಳಾಪುರದ ನ್ಯಾಯಾಲಯ ಮೋಹನ್‌ಬಾಬುವಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅಕ್ಕಯ್ಯಮ್ಮ ಮನೆ ಕೆಡವಿಸಿದರು. ಮಧುಸೂದನನ ಎಡಗೈ ನೆಟ್ಟಗಾಗಲಿಲ್ಲ. ಅವನು ಈಗ ಸಾಫಿಟ್ ಬರೆಯುತ್ತಾನೆ.